ಎಂಎಸ್‌ಡಬ್ಲ್ಯೂ ಇದ್ದೂ ಕೇರ್ ಹೋಮ್‌ನಲ್ಲೇ ಉಳಿಯಬೇಕೆ?

ಪ್ರಶ್ನೆ: ನನ್ನ ತಂಗಿ ತುಮಕೂರು ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಐದು ವರ್ಷ ದುಡಿದವಳು. ಮದುವೆಯಾಗಿ ಇಂಗ್ಲೆಂಡಿಗೆ ಹೋಗಿ ಮೂರು ವರ್ಷವಾಯಿತು, ಈಗ ವೃದ್ಧರ ಕೇರ್ ಹೋಮ್‌ನಲ್ಲಿದ್ದಾಳೆ. ಮತ್ತೆ ಸೋಶಿಯಲ್ ವರ್ಕರ್ ಆಗಬಹುದೆ? ಇಲ್ಲಿಂದ ನಾವೇನು ಮಾಡಿಕೊಡಬೇಕು?
– ಓದುಗರು, ಗುಬ್ಬಿ

ಉತ್ತರ: ಖಂಡಿತ ಆಗಬಹುದು. ಆದರೆ ಅಲ್ಲಿ ‘ಸೋಶಿಯಲ್ ವರ್ಕರ್’ ಎಂಬ ಹೆಸರಿಗೇ ಕಾನೂನಿನ ಕಾವಲಿದೆ. ಸೋಶಿಯಲ್ ವರ್ಕ್ ಇಂಗ್ಲೆಂಡ್ ಎಂಬ ಸಂಸ್ಥೆಯಲ್ಲಿ ನೋಂದಣಿಯಾಗದೆ ಹಾಗೆ ಹೇಳಿಕೊಳ್ಳುವಂತಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಬೇರೆ ಸಂಸ್ಥೆಗಳಿವೆ.

ಅರ್ಜಿ ತೊಡಕಾಗುವುದು ಹೆಚ್ಚಾಗಿ ಫೀಲ್ಡ್‌ವರ್ಕ್, ಅಂದರೆ ಓದುವಾಗ ಸಂಸ್ಥೆಗಳಲ್ಲಿ ಮಾಡಿದ ಪ್ರಾಯೋಗಿಕ ತರಬೇತಿಯ ವಿಚಾರದಲ್ಲಿ. ನಮ್ಮ ಅಂಕಪಟ್ಟಿಯಲ್ಲಿ ಅದಕ್ಕೆ ಅಂಕ ಇರುತ್ತದೆಯೇ ಹೊರತು ಗಂಟೆ ಇರುವುದಿಲ್ಲ. ನೀವು ವಿಭಾಗಕ್ಕೇ ಹೋಗಿ, ಯಾವ ಸಂಸ್ಥೆಯಲ್ಲಿ, ಎಷ್ಟು ದಿನ, ಒಟ್ಟು ಎಷ್ಟು ಗಂಟೆ, ಯಾರ ಮೇಲ್ವಿಚಾರಣೆಯಲ್ಲಿ ಎಂದು ಬರೆದ ಪತ್ರಕ್ಕೆ ಸಹಿ, ಮೊಹರು ಹಾಕಿಸಿಕೊಳ್ಳಿ. ಬ್ಲಾಕ್ ಪ್ಲೇಸ್‌ಮೆಂಟ್ (ಒಂದೇ ಸಂಸ್ಥೆಯಲ್ಲಿ ಸತತವಾಗಿ ಮಾಡುವ ತರಬೇತಿ) ಬೇರೆಯಾಗಿ ನಮೂದಾಗಲಿ. ಪಠ್ಯಕ್ರಮದ ಪ್ರತಿ ಅವಳು ಓದಿದ ಬ್ಯಾಚಿನದೇ ಆಗಿರಬೇಕು. ಈಗಿನದನ್ನು ಕೊಟ್ಟರೆ ಅಂಕಪಟ್ಟಿಯ ವಿಷಯಗಳಿಗೆ ತಾಳೆಯಾಗದು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಇದ್ದರೆ ಇಬ್ಬರೂ ಒಬ್ಬರೇ ಎನ್ನುವ ಅಫಿಡವಿಟ್ ಈಗಲೇ ಮಾಡಿಸಿಡಿ.

ಇನ್ನು ಮೂರು ವರ್ಷದ ಅಂತರ. ವೃತ್ತಿ ಬಿಟ್ಟು ಎರಡರಿಂದ ಐದು ವರ್ಷವಾಗಿದ್ದರೆ 30 ದಿನ, ಅದಕ್ಕೂ ಮೀರಿದರೆ 60 ದಿನ ಜ್ಞಾನ, ಕೌಶಲ ಹೊಸದು ಮಾಡಿಕೊಂಡದ್ದನ್ನು ತೋರಿಸಬೇಕು. ಅದರಲ್ಲಿ ಸ್ವಂತ ಓದು ಅರ್ಧಕ್ಕಿಂತ ಹೆಚ್ಚಿರಬಾರದು. ಐದು ವರ್ಷ ತುಂಬುವ ಮುನ್ನ ಅರ್ಜಿ ಹಾಕುವುದು ಲೇಸು.

ಓದು ಅಲ್ಲಿನ ಮಕ್ಕಳ ರಕ್ಷಣೆಯ ಕಾನೂನಾದ 1989ರ ಚಿಲ್ಡ್ರನ್ ಆ್ಯಕ್ಟ್‌ನಿಂದ ಶುರುವಾಗಲಿ. ನಮ್ಮಲ್ಲಿ ರಕ್ಷಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತೇವೆ. ಅಲ್ಲಿ ಅಂಥ ಸಮಿತಿ ಇಲ್ಲ. ಮಗುವಿಗೆ ಅಪಾಯವಿದೆ ಎಂಬ ಶಂಕೆ ಬಂದಾಗ ನಡೆಸುವ ಸೆಕ್ಷನ್ 47ರ ವಿಚಾರಣೆ ಸ್ಥಳೀಯ ಆಡಳಿತದ ಸೋಶಿಯಲ್ ವರ್ಕರ್ ಹೊಣೆ, ತಂದೆತಾಯಿ ಒಪ್ಪದೆ ಮಗುವನ್ನು ಬೇರ್ಪಡಿಸಲು ಅವರಿಗೆ ಕೋರ್ಟಿನ ಆದೇಶ ಬೇಕು. ಐದು ವರ್ಷ ಮನೆಮನೆ ಭೇಟಿ ಮಾಡಿ ಸಾಮಾಜಿಕ ತನಿಖಾ ವರದಿ ಬರೆದ ಕೈ ಅವಳದು. ಆ ಅನುಭವ ದೊಡ್ಡದು, ಅದನ್ನು ಅಲ್ಲಿನ ಕಾನೂನಿನ ಮಾತಿನಲ್ಲಿ ಹೇಳಲು ಕಲಿಯಲಿ. ಅಲ್ಲಿಯವರೆಗೆ ಕಷ್ಟದಲ್ಲಿರುವ ಕುಟುಂಬಗಳಿಗೆ ನೆರವಾಗುವ ಫ್ಯಾಮಿಲಿ ಸಪೋರ್ಟ್ ವರ್ಕರ್ ಕೆಲಸ ಹುಡುಕುವುದು ಕೇರ್ ಹೋಮ್‌ಗಿಂತ ವೃತ್ತಿಗೆ ಹತ್ತಿರ.

ಪ್ರಶ್ನೆ: ನಾನೂ ಎಂಎಸ್‌ಡಬ್ಲ್ಯೂ. ಮೊದಲು ಕೇರ್ ವರ್ಕರ್ ವೀಸಾದಲ್ಲಿ ಇಂಗ್ಲೆಂಡಿಗೆ ಕಳಿಸುತ್ತೇನೆಂದು ಏಜೆಂಟ್ ಮುಂಗಡ ಕೇಳುತ್ತಿದ್ದಾರೆ. ಕೊಡಲೆ?
– ಓದುಗರು, ಚಿಂತಾಮಣಿ

ಉತ್ತರ: ಕೊಡಬೇಡಿ. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವ ಆ ದಾರಿ 2025ರ ಜುಲೈ 22ಕ್ಕೇ ಮುಚ್ಚಿದೆ. ಸೋಶಿಯಲ್ ವರ್ಕರ್ ಹುದ್ದೆ ಬೇರೆ. ಮೊದಲು ನೋಂದಣಿಗೆ ಅರ್ಜಿ ಹಾಕಿ.