ಡೇರೆ ಗಡ್ಡೆಯಿಂದಲೇ ಶುರು ಮಾಡಿ

ಶಿರಸಿಗೆ ಹೊಸದಾಗಿ ಬಂದಿದ್ದೇವೆ, ಕೈತೋಟದ ಗುಂಪಿಗೆ ಸೇರಿದರೆ ವರ್ಷವಿಡೀ ಏನು ಕೆಲಸ ಇರುತ್ತದೆ ಅಂತ ಕೇಳಿದ್ದೀರಲ್ಲ. ನಾನೂ ಅಂಥದ್ದೊಂದು ಸಣ್ಣ ಗುಂಪಿನಲ್ಲಿದ್ದೇನೆ. ಸುಮ್ನೆ ಸೇರಿಬಿಡಿ.

ನಮ್ಮದು ಮೇ ಕೊನೆಗೆ ಶುರು. ಯಾರದಾದರೂ ಮನೆ ಜಗಲಿಯಲ್ಲಿ ಕೂತು ಡೇರೆ ಹೂವಿನ, ಅಂದರೆ ಡೇಲಿಯಾದ, ಗಡ್ಡೆ ಹಂಚಿಕೊಳ್ಳುತ್ತೇವೆ. ಗಡ್ಡೆ ದಪ್ಪ ಇದ್ದರೆ ಸಾಲದು, ಹಳೆ ಕಾಂಡದ ಬುಡ ಸ್ವಲ್ಪ ಅಂಟಿಕೊಂಡಿದ್ದು ಅಲ್ಲಿ ಒಂದಾದರೂ ಕಣ್ಣು ಇರಬೇಕು, ಇಲ್ಲದಿದ್ದರೆ ಚಿಗುರುವುದೇ ಇಲ್ಲ. ಮೊದಲ ವರ್ಷ ನಾನು ಕಣ್ಣಿಲ್ಲದ ಆರು ಗಡ್ಡೆ ನೆಟ್ಟು ಆಗಸ್ಟ್‌ವರೆಗೂ ಕಾದಿದ್ದೆ! ಇಲ್ಲಿನ ಮಳೆ ಗೊತ್ತಲ್ವಾ, ಬುಡದಲ್ಲಿ ನೀರು ನಿಲ್ಲದ ಹಾಗೆ ಮಣ್ಣು ಏರಿಸಬೇಕು, ಗಿಡ ಮೊಣಕಾಲೆತ್ತರ ಬಂದ ಕೂಡಲೇ ಕೋಲು ಕೊಟ್ಟು ಕಟ್ಟಬೇಕು. ಚೌತಿ ಹೊತ್ತಿಗೆ ಹೂವು. ಆಗ ಒಬ್ಬರ ಅಂಗಳ ಇನ್ನೊಬ್ಬರು ನೋಡಲು ಹೋಗುವುದು, ಚಹಾ, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚು.

ದಾಸವಾಳದ ಗೆಲ್ಲು ಕೊಟ್ಟು ತಗೊಳ್ಳುವುದೂ ಮಳೆಗಾಲದಲ್ಲೇ. ಹತ್ತಿರದ ಶಾಲೆಯಲ್ಲಿ ನೆಲ್ಲಿ, ಮುರುಗಲು ಸಸಿ ನೆಟ್ಟಿದ್ದೇವೆ. ನೆಡುವ ದಿನ ಜನ ಜಾಸ್ತಿ, ಏಪ್ರಿಲ್‌ನಲ್ಲಿ ಕೊಡಪಾನ ಹಿಡಿದು ನೀರು ಹಾಕಲು ಮೂರೇ ಮಂದಿ. ನಿಮ್ಮಂಥವರು ಬೇಕಾಗಿರುವುದು ಅಲ್ಲಿ.

ಚಳಿಗಾಲದಲ್ಲಿ ಹರಿವೆ, ಬದನೆ, ಅವರವರ ಮನೆಯ ಬೀಜ. ಡೇರೆ ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ಒಣ ಮರಳಲ್ಲಿ ಮುಚ್ಚಿಡುತ್ತೇವೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದಲ್ಲ, ಆಗ ಮಾತ್ರ ಯಾರನ್ನೂ ಕರೆಯಬೇಡಿ, ಎಲ್ಲರ ಮನೆ ತುಂಬ ನೆಂಟರು.

ಮೊದಲ ಸಲ ಬರುವಾಗ ಒಂದು ದೊಡ್ಡ ಕೈಚೀಲ ತನ್ನಿ.