ಅಮ್ಮನ ಬರಿಗೈ

ಮನೆಯ ನೋವನ್ನು ಊರಿನ ಹೋರಾಟದ ಜೊತೆ ಒಂದೇ ಚೌಕಟ್ಟಿಗೆ ತಂದು, ಆಮೇಲೆ ಮನೆಯವರ ಮೌನ ತಾಳಲಾರದೆ ನನ್ನ ಬಳಿ ಆಪ್ತಸಲಹೆಗೆ ಬರುವ ಕಲಾವಿದರು ಮತ್ತೆ ಮತ್ತೆ ಎದುರಾಗುತ್ತಾರೆ. ಇದು ಅಂಥ ಒಂದು ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಡೊಂಬಿವಲಿಯ ಚಿತ್ರಕಾರ, ಐವತ್ತರ ಆಸುಪಾಸು. ಅಪ್ಪ ವಿಜಯಪುರದ ಕಡೆಯಿಂದ ಬಂದು ಮುಂಬಯಿಯ ಲೋವರ್ ಪರೇಲಿನ ಬಟ್ಟೆ ಗಿರಣಿ ಸೇರಿದವರು. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಹೊರಬಂದ ಸುಮಾರು 2.5 ಲಕ್ಷ ಕಾರ್ಮಿಕರಲ್ಲಿ ಒಬ್ಬರು. ಮತ್ತೆ ಒಳಗೆ ಹೋಗಲಿಲ್ಲ. ಕುಡಿತ, ಹೊಡೆತ. ಮಗ ಬರೆದ ಚಿತ್ರದಲ್ಲಿ ಗಿರಣಿ ಗೇಟಿನ ಮುಂದೆ ಅಪ್ಪ ಕೈ ಎತ್ತಿದ್ದಾರೆ, ಘೋಷಣೆಗೋ ಹೊಡೆಯುವುದಕ್ಕೋ ತಿಳಿಯದು. ಪಕ್ಕದಲ್ಲಿ ಅಮ್ಮ ಬರಿಗೈ ಚಾಚಿ ಕೂತಿದ್ದಾರೆ. ಮನೆಯವರು ಅದನ್ನು ಮೊದಲು ಕಂಡದ್ದು ಪ್ರದರ್ಶನದ ಉದ್ಘಾಟನೆಯ ದಿನ, ಅಪರಿಚಿತರ ನಡುವೆ. ತಂಗಿ ಮಾತು ಬಿಟ್ಟರು. ಇವರಿಗೆ ಕುಂಚ ಹಿಡಿದರೆ ಕೈ ನಡುಕ.

ಮೂರನೇ ಭೇಟಿಗೆ ಅಮ್ಮನನ್ನೂ ಕರೆಸಿದೆ. ಗಂಡನನ್ನು ಹಾಗೆ ತೋರಿಸಿದ್ದಕ್ಕೆ ಸಿಟ್ಟಿರಬಹುದು ಎಂದುಕೊಂಡಿದ್ದೆ. ಅವರು ಚಿತ್ರದ ಫೋಟೋವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿ ಅಂದರು: "ಹೊಡದದ್ದು ಖರೇ ಅದರೀ. ಆದರ ನನ್ನ ಕೈ ಖಾಲಿ ಬರದಾನ. ಆ ವರ್ಷ ನನ್ನ ಕೈ ಖಾಲಿ ಇರಲೇ ಇಲ್ಲ. ದಿನಾ ಅರವತ್ತು ರೊಟ್ಟಿ ಬಡದೀನಿ, ಖಾನಾವಳಿಗೆ. ಮನಿ ನಡದದ್ದು ಅದರಾಗ."

ಮಗ ತಲೆ ಎತ್ತಲಿಲ್ಲ. ಅವಮಾನ ಅವರಿಗೆ ನೆನಪಿತ್ತು, ರೊಟ್ಟಿ ಬಡಿದದ್ದು ನೆನಪಿರಲಿಲ್ಲ.

ಕೊಟ್ಟ ಸಲಹೆ ಇಷ್ಟು. ಮನೆಯವರಿಗೆ ಇದ್ದಿಲಿನ ಸ್ಕೆಚ್ ಹಂತದಲ್ಲೇ ತೋರಿಸಿ. ಆಗ ಒರೆಸಬಹುದು, ಎಣ್ಣೆಬಣ್ಣ ಏರಿದ ಮೇಲೆ ತಿದ್ದಲು ನಿಮಗೇ ಮನಸ್ಸು ಬರುವುದಿಲ್ಲ. ಒಬ್ಬೊಬ್ಬರಿಗೇ ತೋರಿಸಿ, ಎಲ್ಲರೂ ಸೇರಿದರೆ ಹಿರಿಯರ ಮಾತೇ ಎಲ್ಲರದಾಗುತ್ತದೆ. ವಾಟ್ಸಾಪಿನಲ್ಲಿ ಕಳಿಸಬೇಡಿ. "ಪರವಾಗಿಲ್ಲವಾ?" ಎಂದು ಕೇಳಿದರೆ ಹೂಂ ಅನ್ನುತ್ತಾರೆ, ಅಷ್ಟೇ. "ಇದರಲ್ಲಿ ಏನು ಬಿಟ್ಟುಹೋಗಿದೆ?" ಎಂದು ಕೇಳಿ. ಮುಷ್ಕರಕ್ಕೆ ಸೇರಿದ್ದು ಯಾವುದು, ಅಪ್ಪನಿಗೆ ಸೇರಿದ್ದು ಯಾವುದು, ಎರಡು ಹಾಳೆಯಲ್ಲಿ ಬೇರೆ ಬೇರೆ ಬರೆಯಿರಿ. ಅದೇ ಮುಷ್ಕರದಲ್ಲಿ ಹೆಂಡತಿಯ ಮೇಲೆ ಕೈ ಮಾಡದವರೂ ಇದ್ದರು.

ಕಲಾವಿದನ ಸ್ವಾತಂತ್ರ್ಯಕ್ಕೆ ಸಲಹೆಗಾರರು ಕೈ ಹಾಕಬಹುದೇ ಎಂದು ಕೇಳುವವರಿದ್ದಾರೆ. ಚಿತ್ರ ತೆಗೆಯಿರಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಜರ್ಮನಿಯ ಕಲಾವಿದೆ ಕ್ಯಾಥೆ ಕೋಲ್ವಿಟ್ಸ್ 1914ರ ಯುದ್ಧದಲ್ಲಿ ಮಗನನ್ನು ಕಳೆದುಕೊಂಡರು. ಅವನಿಗಾಗಿ ಅವರು ಮಾಡಿದ ಸ್ಮಾರಕ ನಿಂತದ್ದು 1932ರಲ್ಲಿ. ಮೊದಲು ಯೋಚಿಸಿದ್ದ ಮಗನ ದೇಹವನ್ನು ಕೈಬಿಟ್ಟು, ಮಂಡಿಯೂರಿದ ತಂದೆತಾಯಿಯನ್ನು ಮಾತ್ರ ಉಳಿಸಿಕೊಂಡರು. ಅದರಿಂದ ಆ ಕೃತಿಯ ಯುದ್ಧವಿರೋಧವೇನೂ ಕುಗ್ಗಲಿಲ್ಲ.

ಈಗ ಹೊಸ ಸ್ಕೆಚ್ ಆಗಿದೆ. ಅಮ್ಮ ನೋಡಿ, ರೊಟ್ಟಿ ದಪ್ಪ ಆಯಿತು ಎಂದು ತಿದ್ದಿಸಿದ್ದಾರೆ. ತಂಗಿ ಇನ್ನೂ ಬಂದಿಲ್ಲ. ಅವರು ಬಂದು ನೋಡುವ ತನಕ ಅದಕ್ಕೆ ಫಿಕ್ಸೆಟಿವ್, ಅಂದರೆ ಇದ್ದಿಲು ಅಳಿಸದಂತೆ ಹಿಡಿದಿಡುವ ದ್ರಾವಣ, ಹೊಡೆಯಬೇಡಿ ಎಂದಿದ್ದೇನೆ.