ಬಾಗಿಲ ಬಳಿ ನಿಂತವರು: ಏಲಿಯನ್ ಸರಣಿಯಲ್ಲಿ ರಿಪ್ಲಿಗೆ ಸಮ ಯಾರು?

ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಏಲಿಯನ್ ಎಂಬ ಹಾಲಿವುಡ್ ಚಿತ್ರಸರಣಿಯಲ್ಲಿ 1979ರ ಮೊದಲ ಚಿತ್ರ ಮೇಲೋ, 1986ರ ಎರಡನೆಯದು ಮೇಲೋ? ಆಮೇಲೆ ಬಂದ ಚಿತ್ರಗಳಲ್ಲಿ ಅವುಗಳ ನಾಯಕಿ ರಿಪ್ಲಿಗೆ ಸಮನಾದ ಪಾತ್ರ ಒಂದಾದರೂ ಇದೆಯೇ? ಹೊಸಬರು ಯಾವ ಕ್ರಮದಲ್ಲಿ ನೋಡಬೇಕು? ಕಥೆಯ ಗುಟ್ಟುಗಳನ್ನು ಬಿಡಿಸಿಯೇ ಬರೆಯುತ್ತಿದ್ದೇನೆ. ಇನ್ನೂ ನೋಡದವರು ನೇರವಾಗಿ ಕೊನೆಯ ಪ್ಯಾರಾಕ್ಕೆ ಹೋಗುವುದು ಒಳ್ಳೆಯದು.

ನನ್ನ ಮಟ್ಟಿಗೆ ಮೊದಲನೆಯದೇ ಮೇಲು. ರಿಪ್ಲಿಗೆ ಸಮನಾದ ಪಾತ್ರ ಬಂದಿದೆ, ಬರಲು 45 ವರ್ಷ ಹಿಡಿಯಿತು, ಮತ್ತು ಅದು ಮನುಷ್ಯ ಪಾತ್ರವಲ್ಲ.

ನಾನು ಸುರತ್ಕಲ್ಲಿನವನು, ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು ಈಗ ದಡದಲ್ಲಿ ಕುಳಿತವನು. ಕುದುರೆಮುಖದ ಕಬ್ಬಿಣದ ಅದಿರು ಕೊಳವೆಯಲ್ಲಿ ಘಟ್ಟ ಇಳಿದು ಬಂದು ಪಣಂಬೂರಿನಲ್ಲಿ ಹಡಗು ಹತ್ತುತ್ತಿದ್ದುದನ್ನು ಕಂಡು ಬೆಳೆದವರಿಗೆ ಮೊದಲ ಚಿತ್ರದ ಬಾಹ್ಯಾಕಾಶ ಹಡಗು ನಾಸ್ಟ್ರೊಮೊ ಅಪರಿಚಿತ ಅನಿಸುವುದಿಲ್ಲ. ಅದು ಯುದ್ಧನೌಕೆಯಲ್ಲ, ಸಂಶೋಧನಾ ನೌಕೆಯೂ ಅಲ್ಲ. 2 ಕೋಟಿ ಟನ್ ಅದಿರನ್ನು ಎಳೆದುಕೊಂಡು ಹೋಗುವ ಟಗ್. ಸಿಬ್ಬಂದಿ 7 ಜನ, ಜೊತೆಗೊಂದು ಬೆಕ್ಕು. ನಿದ್ದೆಯಿಂದ ಎದ್ದವರು ಊಟದ ಮೇಜಿನಲ್ಲಿ ಬೋನಸ್ಸಿನ ವಿಷಯಕ್ಕೆ ಜಗಳ ತೆಗೆಯುತ್ತಾರೆ. ಎಂಜಿನ್ ವಿಭಾಗದ ಪಾರ್ಕರ್ ಮತ್ತು ಬ್ರೆಟ್‌ಗೆ ಉಳಿದವರಷ್ಟು ಪಾಲಿಲ್ಲ. ಇಳಿಯುವಾಗ ಹಡಗು ಕೆಟ್ಟು, ರಿಪೇರಿಗೆ ಎಷ್ಟು ಹೊತ್ತು ಬೇಕೆಂದು ರಿಪ್ಲಿ ಕೇಳಿದಾಗ 17 ಗಂಟೆಯ ಕೆಲಸಕ್ಕೆ ಇಬ್ಬರೂ ಸೇರಿ 25 ಗಂಟೆ ಎಂದು ಹೇಳಿಬಿಡುತ್ತಾರೆ. ಆಮೇಲೆ ರಿಪ್ಲಿ ಕೆಳಗೆ ಬಂದು ಮಾತನಾಡುವಾಗ ಹಬೆ ಭೋರೆಂದು ಹೊರನುಗ್ಗುತ್ತಿರುತ್ತದೆ, ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅವಳು ಆಚೆ ಹೋದ ಕೂಡಲೇ ಪಾರ್ಕರ್ ಸುಮ್ಮನೆ ಕೈ ಚಾಚಿ ವಾಲ್ವ್ ಮುಚ್ಚುತ್ತಾನೆ. ಈ ಸಣ್ಣ ಕುಚೋದ್ಯವನ್ನು ಬರೆದವರಿಗೆ ಎಂಜಿನ್ ಕೋಣೆಯ ಸ್ವಭಾವ ಗೊತ್ತಿತ್ತು ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಇನ್ನೊಂದು ಸಂಗತಿ ಹಡಗಿನವರ ಕಣ್ಣಿಗೆ ಬೇಗ ಬೀಳುತ್ತದೆ. ಸಮುದ್ರದಲ್ಲಿ ಅಪಾಯದ ಸಂಕೇತ ಕೇಳಿದರೆ ಹೋಗಲೇಬೇಕೆಂಬ ನಿಯಮ ನಮಗೂ ಇದೆ, ಅದು ಜೀವ ಉಳಿಸುವ ನಿಯಮ. ನಾಸ್ಟ್ರೊಮೊದ ಒಪ್ಪಂದದಲ್ಲೂ ಅಂಥದೊಂದು ಷರತ್ತಿದೆ, ಆದರೆ ಹೋಗದಿದ್ದರೆ ಪಾಲಿನ ಹಣ ಪೂರ್ತಿ ಕಳೆದುಹೋಗುತ್ತದೆ. ಪಾರ್ಕರ್ ಗೊಣಗುತ್ತಾನೆ, ಷರತ್ತು ಓದಿ ಹೇಳಿದ ಮೇಲೆ ಬಾಯಿ ಮುಚ್ಚುತ್ತಾನೆ. ಷರತ್ತನ್ನು ಓದಿ ಹೇಳುವವನು ಹಡಗಿನ ವಿಜ್ಞಾನ ಅಧಿಕಾರಿ ಆಶ್ ಎಂಬುದನ್ನು ಎರಡನೆಯ ಸಲ ನೋಡುವಾಗ ಗಮನಿಸಿ.

ಈಗ ಮುಖ್ಯ ದೃಶ್ಯ. ಸಂಕೇತ ಹುಡುಕಿ ಹೊರಗೆ ಹೋದ ಅಧಿಕಾರಿ ಕೇನ್‌ನ ಮುಖಕ್ಕೆ ಅನ್ಯಲೋಕದ ಜೀವಿಯೊಂದು ಅಂಟಿಕೊಂಡಿದೆ, ಕಪ್ತಾನ ಡಲಾಸ್ ಅವನನ್ನು ಹೊತ್ತು ತಂದು ಬಾಗಿಲು ತೆರೆ ಎನ್ನುತ್ತಿದ್ದಾನೆ. ಮೇಲಿನವರಿಬ್ಬರೂ ಹೊರಗಿರುವುದರಿಂದ ಆ ಹೊತ್ತಿಗೆ ಒಳಗಿನ ಅಧಿಕಾರ ರಿಪ್ಲಿಯದು. ಕ್ವಾರಂಟೈನ್ 24 ಗಂಟೆ, ತೆರೆಯುವುದಿಲ್ಲ ಎನ್ನುತ್ತಾಳೆ. ಹಡಗು ಪರದೇಶದ ಬಂದರಿಗೆ ಬಂದಾಗ ಹಳದಿ ಬಾವುಟ ಏರಿಸಿ, ಆರೋಗ್ಯಾಧಿಕಾರಿಯ ಒಪ್ಪಿಗೆ ಬರುವವರೆಗೆ ಒಬ್ಬರೂ ಕೆಳಗಿಳಿಯದೆ ಕಾಯುವ ಪದ್ಧತಿ ನಮ್ಮಲ್ಲಿದೆ. ಅದರ ಹಿಂದೆ ಎಷ್ಟು ಶತಮಾನಗಳ ಹೆಣಗಳಿವೆ ಎಂದು ಬಲ್ಲವರಿಗೆ ರಿಪ್ಲಿಯ ಮಾತಿನ ತೂಕ ತಿಳಿಯುತ್ತದೆ. ಅವಳು ಕ್ರೂರಿಯಲ್ಲ, ದನಿ ನಡುಗುತ್ತಿದೆ, ಆದರೂ ಇಲ್ಲ ಎನ್ನುತ್ತಾಳೆ. ಆಗ ಗುಂಡಿ ಒತ್ತಿ ಬಾಗಿಲು ತೆರೆಯುವವನು ಆಶ್. ನೋಡುವವರಿಗೆ ಆ ಕ್ಷಣಕ್ಕೆ ಅವನೇ ಕರುಣಾಳು. ಅವನು ಯಂತ್ರಮಾನವ, ಜೀವಿಯನ್ನು ತರಬೇಕು, ಸಿಬ್ಬಂದಿ ಸತ್ತರೂ ಅಡ್ಡಿಯಿಲ್ಲ ಎಂಬ ಕಂಪನಿಯ ಗುಪ್ತ ಆದೇಶ ಹೊತ್ತು ಬಂದವನು ಎಂದು ಗೊತ್ತಾಗುವುದು ಬಹಳ ಹೊತ್ತಿನ ಮೇಲೆ. ಹಳೆಯ ವಿಜ್ಞಾನ ಅಧಿಕಾರಿಯನ್ನು ಬದಲಿಸಿ ಹೊರಡಲು 2 ದಿನ ಇರುವಾಗ ಇವನನ್ನು ಕಳಿಸಿದರು ಎಂದು ಡಲಾಸ್ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಡಾನ್ ಒಬಾನನ್ ಬರೆದ ಮೂಲ ಕಥೆಯಲ್ಲಿ ಆಶ್ ಇರಲೇ ಇಲ್ಲ, ನಿರ್ಮಾಪಕರಾದ ವಾಲ್ಟರ್ ಹಿಲ್ ಮತ್ತು ಡೇವಿಡ್ ಗೈಲರ್ ತಿದ್ದಿ ಬರೆಯುವಾಗ ಸೇರಿಸಿದರು. ಆ ಸೇರ್ಪಡೆ ಇಲ್ಲದಿದ್ದರೆ ಕತ್ತಲಲ್ಲಿ ರಾಕ್ಷಸ ಬೆನ್ನಟ್ಟುವ ಚಿತ್ರವೊಂದು ಉಳಿಯುತ್ತಿತ್ತು, ಅಷ್ಟೆ.

ರಿಪ್ಲಿಯ ದೊಡ್ಡತನ ಕೊನೆಯಲ್ಲಿ ಜೀವಿಯನ್ನು ಹೊರಗೆಸೆದುದರಲ್ಲಿಲ್ಲ, ಆ ಬಾಗಿಲು ತೆರೆಯದೆ ನಿಂತುದರಲ್ಲಿದೆ. ಇದನ್ನು ಒಪ್ಪುವುದಾದರೆ ಉಳಿದ ಚಿತ್ರಗಳನ್ನು ಅಳೆಯಲು ಒಂದು ಕೋಲು ಸಿಕ್ಕಿತು. ಏಕೆಂದರೆ ಸರಣಿಯುದ್ದಕ್ಕೂ ಯಾರೋ ಒಬ್ಬರು ಬಾಗಿಲಿನ ಮುಂದೆ ನಿಲ್ಲುತ್ತಲೇ ಇರುತ್ತಾರೆ. ತಾಳಮದ್ದಳೆ ಕೇಳಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ: ಪ್ರಸಂಗ ಅದೇ, ಪದ್ಯ ಅದೇ, ಅರ್ಥಧಾರಿ ಬದಲಾದರೆ ವಾಲಿ ಒಂದು ರಾತ್ರಿ ಅಪರಾಧಿ, ಇನ್ನೊಂದು ರಾತ್ರಿ ಫಿರ್ಯಾದುದಾರ.

ಜೇಮ್ಸ್ ಕ್ಯಾಮರೂನ್‌ರ ಎರಡನೆಯ ಚಿತ್ರದಲ್ಲಿ ಬಾಗಿಲು ಮುಚ್ಚುವವನು ಬರ್ಕ್, ಕಂಪನಿಯ ನಗುಮುಖದ ಪ್ರತಿನಿಧಿ. ರಿಪ್ಲಿ ಮತ್ತು ಪುಟ್ಟ ಹುಡುಗಿ ನ್ಯೂಟ್ ಮಲಗಿದ್ದ ಕೋಣೆಗೆ ಆ ಜೀವಿಗಳನ್ನು ಬಿಟ್ಟು ಬೀಗ ಹಾಕುತ್ತಾನೆ. ರಿಪ್ಲಿ ಕ್ಯಾಮರಾದ ಎದುರು ಕೈ ಬೀಸುತ್ತಿದ್ದಾಳೆ. ಆಚೆ ಕಡೆ ಬರ್ಕ್ ಯಾರಿಗೂ ಕಾಣದಂತೆ ಪರದೆ ಆರಿಸುತ್ತಾನೆ. ಅದಕ್ಕಿಂತ ಹೇಸಿಗೆಯ ಖಳನನ್ನು ಈ ಸರಣಿ ಮತ್ತೆ ಹೆರಲಿಲ್ಲ. ಅದೇ ಚಿತ್ರದ ಬಿಷಪ್ ಯಂತ್ರಮಾನವನಾದ ಕಾರಣಕ್ಕೆ ರಿಪ್ಲಿಯ ಅನುಮಾನಕ್ಕೆ ತುತ್ತಾದವನು. ದೇಹ ಎರಡು ತುಂಡಾದ ಮೇಲೂ ತೆರೆದ ಬಾಗಿಲಿನತ್ತ ಜಾರುತ್ತಿರುವ ನ್ಯೂಟ್‌ಳನ್ನು ಕೈ ಚಾಚಿ ಹಿಡಿದುಕೊಳ್ಳುತ್ತಾನೆ. ಮನರಂಜನೆಗೆ ಇದನ್ನು ಮೀರಿದ್ದಿಲ್ಲ. ರಿಪ್ಲಿಯ ಪಾತ್ರ ಮಾಡಿದ ಸಿಗೂರ್ನಿ ವೀವರ್ ಅವರಿಗೆ ಅತ್ಯುತ್ತಮ ನಟಿ ಆಸ್ಕರ್‌ಗೆ ನಾಮನಿರ್ದೇಶನವಾದದ್ದೂ ಇದರಿಂದಲೇ. ಆದರೂ ನನಗೆ ಇದು ಎರಡನೆಯ ಸ್ಥಾನದ್ದು. ಇಲ್ಲಿ ರಿಪ್ಲಿಯ ಎದುರು ಧರ್ಮಸಂಕಟವಿಲ್ಲ. ಮಗುವನ್ನು ಉಳಿಸಬೇಕೋ ಬೇಡವೋ ಎಂದು ಯಾರೂ ಯೋಚಿಸುವುದಿಲ್ಲವಲ್ಲ.

1992ರ ಮೂರನೆಯದು ಮೊದಲ ಕೆಲವು ನಿಮಿಷಗಳಲ್ಲೇ ಹಿಂದಿನ ಚಿತ್ರದಲ್ಲಿ ಬದುಕುಳಿದಿದ್ದ ನ್ಯೂಟ್ ಮತ್ತು ಸೈನಿಕ ಹಿಕ್ಸ್‌ರನ್ನು ಕೊಂದು ಅಭಿಮಾನಿಗಳ ಶಾಪ ಕಟ್ಟಿಕೊಂಡಿತು. ಸೆರೆಮನೆಯ ಗ್ರಹ, ಬೋಳು ತಲೆಗಳು, ಕುಲುಮೆ. ಡೇವಿಡ್ ಫಿಂಚರ್ ಅವರ ಮೊದಲ ಚಿತ್ರ ಅದು, ಈಗ ಅವರೇ ತಮ್ಮದಲ್ಲ ಎನ್ನುವಂತಿದ್ದಾರೆ. ಜನ ಬೈಯುವಷ್ಟು ಕೆಟ್ಟದ್ದೇನಲ್ಲ. 1997ರ ನಾಲ್ಕನೆಯದರಲ್ಲಿ ರಿಪ್ಲಿಯ ತದ್ರೂಪಿ, ತನಗಿಂತ ಮೊದಲು ತಯಾರಾಗಿ ಕೆಟ್ಟುಹೋದ ಏಳು ರೂಪಗಳಿರುವ ಕೋಣೆಗೆ ಕಾಲಿಡುವ ದೃಶ್ಯವೊಂದು ಸಾಕು. ಉಳಿದದ್ದು ಬೇಡ.

ಮೊದಲ ಚಿತ್ರದ ನಿರ್ದೇಶಕ ರಿಡ್ಲಿ ಸ್ಕಾಟ್ ಮರಳಿ ಬಂದು ಮಾಡಿದ ಎರಡು ಚಿತ್ರಗಳು, 2012ರ ಪ್ರೊಮೀಥಿಯಸ್ ಮತ್ತು 2017ರ ಕವನೆಂಟ್, ನನ್ನನ್ನು ಸಿಟ್ಟಿಗೆಬ್ಬಿಸುತ್ತವೆ. ಅಪರಿಚಿತ ಗ್ರಹದಲ್ಲಿ ಶಿರಸ್ತ್ರಾಣ ತೆಗೆದು ಗಾಳಿ ಕುಡಿಯುವ ವಿಜ್ಞಾನಿಗಳನ್ನು ಯಾವ ಬಂದರಿನ ಆರೋಗ್ಯಾಧಿಕಾರಿ ಕ್ಷಮಿಸಿಯಾನು? ಆದರೆ ಬಾಗಿಲಿನ ಪ್ರಶ್ನೆಯನ್ನು ಸ್ಕಾಟ್ ಮರೆತಿಲ್ಲ. ಪ್ರೊಮೀಥಿಯಸ್‌ನಲ್ಲಿ ಸೋಂಕು ತಗುಲಿದ ವಿಜ್ಞಾನಿ ಹಾಲೊವೇಯನ್ನು ಹಡಗಿಗೆ ತಂದಾಗ ಕಂಪನಿಯ ಅಧಿಕಾರಿ ವಿಕರ್ಸ್ ಒಳಗೆ ಬಿಡುವುದಿಲ್ಲ, ಬೆಂಕಿ ಉಗುಳುವ ಬಂದೂಕು ಹಿಡಿದು ನಿಲ್ಲುತ್ತಾಳೆ, ಕೊನೆಗೆ ಸುಡುತ್ತಾಳೆ. ನಿಯಮದ ಲೆಕ್ಕದಲ್ಲಿ ಅವಳು ರಿಪ್ಲಿಯಷ್ಟೇ ಸರಿ, ಆದರೂ ನಾವು ಅವಳನ್ನು ದ್ವೇಷಿಸುತ್ತೇವೆ. ರಿಪ್ಲಿಗೆ ದನಿ ನಡುಗಿತ್ತು, ಇವಳಿಗೆ ಕೈಯೂ ನಡುಗದು. ಕವನೆಂಟ್‌ನಲ್ಲಿ ಹಡಗಿನ ಸಿಬ್ಬಂದಿ ಫ್ಯಾರಿಸ್ ಹೆದರಿ, ರೋಗಿಯ ಜೊತೆಗಿದ್ದ ಸಹೋದ್ಯೋಗಿ ಕ್ಯಾರಿನ್‌ಳನ್ನೂ ಸೇರಿಸಿ ಬೀಗ ಹಾಕುತ್ತಾಳೆ, ಆಮೇಲೆ ಗಾಬರಿಯಲ್ಲಿ ಎಲ್ಲವನ್ನೂ ಹಾಳುಮಾಡುತ್ತಾಳೆ. ಒಂದೇ ಕೆಲಸಕ್ಕೆ ಮೂರು ಹೆಂಗಸರು, ಮೂರು ಮನಸ್ಸು.

ಆ ಎರಡು ಚಿತ್ರಗಳನ್ನು ಹೊತ್ತವನು ಡೇವಿಡ್, ಮೈಕೆಲ್ ಫಾಸ್‌ಬೆಂಡರ್ ಮಾಡಿದ ಯಂತ್ರಮಾನವ. ಆಶ್ ಆದೇಶ ಪಾಲಿಸಿದವನು, ಇವನು ಆದೇಶ ಕೊಟ್ಟವರನ್ನೇ ಮುಗಿಸಿದವನು. ನನಗೆ ಇಷ್ಟವಾದದ್ದು ಅವನ ಕ್ರೌರ್ಯವಲ್ಲ, ಅವನ ತಪ್ಪು: ಷೆಲ್ಲಿಯ ಒಂದು ಸಾಲು ಹೇಳಿ ಅದು ಬೈರನ್‌ನದು ಎನ್ನುತ್ತಾನೆ. ತಿದ್ದುವವನು ಅವನದೇ ಮುಖದ, ಆದರೆ ಸೃಷ್ಟಿಸುವ ಶಕ್ತಿ ಕಿತ್ತುಕೊಂಡು ತಯಾರಿಸಿದ ವಾಲ್ಟರ್. ತಾನು ದೇವರೆಂದುಕೊಂಡವನನ್ನು ಪದ್ಯದ ಅಂಕಿತದಲ್ಲಿ ಸಿಕ್ಕಿಹಾಕಿಸಿದ್ದು ಜಾಣತನ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಫೆಡೆ ಆಲ್ವರೆಜ್‌ರ ರೊಮ್ಯುಲಸ್ ಅನ್ನು ನಾನು ನೋಡಿದ್ದು 2024ರಲ್ಲಿ, ಪಾಂಡೇಶ್ವರದ ಮಾಲ್‌ನಲ್ಲಿ, ಅಕ್ಕನ ಮಗನ ಜೊತೆ. ಗಣಿ ಕಾಲೊನಿಯಲ್ಲಿ ದುಡಿಯುವ ರೈನ್ ಎಂಬ ಹುಡುಗಿ, ಅವಳ ತಂದೆ ಕಸದಿಂದ ಎತ್ತಿ ತಂದು ರಿಪೇರಿ ಮಾಡಿದ ಆಂಡಿ ಎಂಬ ಯಂತ್ರಮಾನವ. ತೊದಲುವ, ಹಳಸಲು ನಗೆಚಾಟಿಕೆ ಹೇಳುವ ಆಂಡಿಗೆ ರೈನ್‌ಗೆ ಒಳಿತಾಗುವುದನ್ನು ಮಾಡಬೇಕೆಂಬ ಒಂದೇ ಆದೇಶ. ನಡುವೆ ಕಂಪನಿಯ ಚಿಪ್ ಅವನ ಕುತ್ತಿಗೆಗೆ ಸೇರುತ್ತದೆ, ತೊದಲು ಹೋಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಕಣ್ಣು ತಣ್ಣಗಾಗುತ್ತದೆ. ಜೊತೆಗೆ ಬಂದಿದ್ದ ಗರ್ಭಿಣಿ ಕೇ ಬಾಗಿಲಿನಾಚೆ ನಿಂತು ಬಡಿಯುವಾಗ ಆಂಡಿ ತೆರೆಯುವುದಿಲ್ಲ. ತೆರೆದರೆ ಆ ಜೀವಿ ಒಳಗೆ ಬರುತ್ತದೆಂಬುದು ಅವನ ಲೆಕ್ಕ, ಮತ್ತು ಲೆಕ್ಕ ಸರಿ. ಪಕ್ಕದಲ್ಲಿದ್ದ ಹುಡುಗ "ಮಾವ, ಇವನು ಆಶ್ ಆಗಿಬಿಟ್ಟನಲ್ಲ" ಎಂದ. ಇಲ್ಲ ಮಾರಾಯ, ಆಶ್ ಬಾಗಿಲು ತೆರೆದವನು, ಇವನು ಮಾಡಿದ್ದು ರಿಪ್ಲಿಯ ಕೆಲಸ ಎಂದೆ. ಹಿಂದಿನ ಸಾಲಿನವರು ಸುಮ್ಮನಿರಿಸಿದರು.

ಈ ಕಲಸುಮೇಲೋಗರವೇ ಆಂಡಿಯನ್ನು ರಿಪ್ಲಿಯ ಪಕ್ಕಕ್ಕೆ ತರುತ್ತದೆ. ರಿಪ್ಲಿಯ ಕೃತ್ಯವನ್ನು ಆಶ್‌ನ ಮನಸ್ಸಿನಿಂದ ಮಾಡಿದವನು ಅವನು. ಚಿಪ್ ತೆಗೆದ ಮೇಲೆ ಹಳೆಯ ಆಂಡಿಯಾಗಿ ಹಿಂದಿರುಗಿದಾಗ ರೈನ್ ಅವನ ಆದೇಶವನ್ನೇ ಬದಲಿಸುತ್ತಾಳೆ, ಇನ್ನು ನನಗಲ್ಲ, ನಮ್ಮಿಬ್ಬರಿಗೂ ಒಳಿತಾಗುವುದನ್ನು ಮಾಡು ಎಂದು. ಆಳಾಗಿದ್ದವನು ಆಗ ತಮ್ಮನಾದ. ಆಂಡಿಯ ಪಾತ್ರ ಮಾಡಿದ ಡೇವಿಡ್ ಜಾನ್ಸನ್ ಒಂದೇ ದೇಹದಲ್ಲಿ ಇಬ್ಬರನ್ನು ತೋರಿಸಿದ್ದಾರೆ. ಚಿತ್ರದ ಕೊನೆಯ ಭಾಗ ಹಳಿ ತಪ್ಪುತ್ತದೆ, ಆಶ್ ಪಾತ್ರ ಮಾಡಿದ್ದ, 2020ರಲ್ಲಿ ತೀರಿಕೊಂಡ ಇಯಾನ್ ಹೋಮ್ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿದ್ದು ನನಗೆ ಒಗ್ಗಲಿಲ್ಲ. ಆದರೂ ಮೂರನೆಯ ಸ್ಥಾನ ಇದಕ್ಕೇ.

ನೋಡುವ ಕ್ರಮ: ಬಿಡುಗಡೆಯಾದ ಕ್ರಮವೇ ಸರಿ. ಸಮಯ ಕಡಿಮೆಯಿದ್ದರೆ 1979, 1986, ಆಮೇಲೆ ನೇರವಾಗಿ ರೊಮ್ಯುಲಸ್, ಅದರ ಕಥೆ ನಡೆಯುವುದೂ ಅವೆರಡರ ನಡುವೆಯೇ. ಮೂರನೆಯದನ್ನು 2003ರಲ್ಲಿ ಹೊರಬಂದ ಉದ್ದದ ಆವೃತ್ತಿಯಲ್ಲಿ ನೋಡಿ. ಪ್ರೊಮೀಥಿಯಸ್ ಮತ್ತು ಕವನೆಂಟ್ ಅನ್ನು ಒಂದರ ಹಿಂದೆ ಒಂದು. ಪ್ರಿಡೇಟರ್ ಎಂಬ ಇನ್ನೊಂದು ಚಿತ್ರಸರಣಿಯ ಜೀವಿಯ ಜೊತೆ ಕಾದಾಡಿಸಿದ ಎರಡು ಚಿತ್ರಗಳನ್ನು ಬಿಟ್ಟರೆ ನಷ್ಟವಿಲ್ಲ. 2025ರ ಏಲಿಯನ್: ಅರ್ತ್ ಟಿವಿ ಸರಣಿಯನ್ನು ಕೊನೆಗಿಡಿ. ಮೊದಲ ಚಿತ್ರವನ್ನು ಮಾತ್ರ ದಯವಿಟ್ಟು ಮೊಬೈಲಿನಲ್ಲಿ ನೋಡಬೇಡಿ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಮಾತನಾಡುತ್ತಾರೆ, ಅರ್ಧ ಮಾತು ಹಬೆಯಲ್ಲಿ ಮುಳುಗುತ್ತದೆ. ಒಳ್ಳೆಯ ಇಯರ್‌ಫೋನ್ ಹಾಕಿ, ಕೋಣೆಯ ದೀಪ ಆರಿಸಿ.